ಬೆಳ್ಳೂರು ಕ್ರಾಸಿನಲ್ಲಿ ಕಡಲ ಸಮಾಚಾರ

ಶನಿವಾರ ಬೆಳಗಿನ ಐದು ಗಂಟೆ. ಬೆಳ್ಳೂರು ಕ್ರಾಸಿನ ಬೆಟ್ಟಮ್ಮನ ಇಡ್ಲಿ ಗಾಡಿಯ ಮುಂದೆ ಬೆಂಗಳೂರಿನ ಟೆಂಪೊ ನಿಲ್ಲುತ್ತದೆ. ನಿದ್ದೆಗಣ್ಣಲ್ಲಿ ಇಳಿದ ಹುಡುಗ ಹುಡುಗಿಯರೆಲ್ಲ ಮಂಗಳೂರಿನ ಕಡೆಗೆ ಹೊರಟವರು. ಹಲಗೆ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಯುವ ಉಮೇದು. "ಹೊಸಬ್ರಾ?" ಎಂದು ಕೇಳುತ್ತಾ ಬೆಟ್ಟಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. "ನಾನು ಸಮುದ್ರ ನೋಡ್ದೋಳಲ್ಲ, ಮೊದ್ಲೇ ಏಳ್ಬುಡ್ತೀನಿ. ಓದ್ವಾರ ಬಂದೋರು ಏಳಿದ್ದಿದು. ಬಂಡೆ ಇರೋ ಕಡೆ ಇಳೀಬ್ಯಾಡಿ. ಕಾಲ್ಗೆ ಮರಳು ಸಿಕ್ಬೇಕು, ನೀರು ಸೊಂಟ ದಾಟ್ಬಾರ್ದು."

ಐವತ್ತೆರಡರ ಬೆಟ್ಟಮ್ಮ ನಾಗಮಂಗಲದ ಕಡೆಯವರು. ಹದಿನಾರು ವರ್ಷದಿಂದ ಇದೇ ಗಾಡಿ. ದಿನಕ್ಕೆ ಮುನ್ನೂರು ಇಡ್ಲಿ, ಶನಿವಾರ ಐನೂರು. ಹಿಟ್ಟು ರುಬ್ಬಿ ರುಬ್ಬಿ ಬಲ ಭುಜ ಮೇಲೇಳುವುದಿಲ್ಲ. ಒಮ್ಮೆ ಕಡಲಿನಿಂದ ಮೊಣಕಾಲು ತರಚಿಕೊಂಡು ಬಂದವನಿಗೆ ಅರಿಶಿನ ಹಚ್ಚುತ್ತಾ "ಎಲ್ ಬಿದ್ಯಪ್ಪ?" ಎಂದು ಕೇಳಿದ್ದೇ ಶುರು. ಆಮೇಲೆ ಮರಳುವವರನ್ನೆಲ್ಲ ವಿಚಾರಿಸಿದರು: ಎಲ್ಲಿ ಮರಳು, ಎಲ್ಲಿ ಕಲ್ಲು, ಹಿಂದೆ ಸರಿಯುವ ನೀರು ಕಾಲನ್ನು ಎಳೆಯುತ್ತದೆಯೇ. ಕೇಳಿದ್ದನ್ನು ಮುಂದಿನ ವಾರ ಹೊರಟವರಿಗೆ ಹೇಳಿದರು. "ಆಂಟಿ, ನಿಮ್ ಜಾಗ ಸೂಪರ್ ಅನ್ನೋರು. ನಂಗೂ ವಸಿ ಕೊಬ್ಬು ಬಂತು," ಎಂದು ತಲೆ ತಗ್ಗಿಸುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ಸಹನ ಎಂಬ ಕಾಲೇಜು ಹುಡುಗಿಗೆ ಒಂದು ದಂಡೆ ಹೇಳಿ ಕಳಿಸಿದರು. ಅದು ಬೇಸಿಗೆಯ ಸುದ್ದಿ. ಕೆರೆ ಏರಿಯಂತೆ ಕಡಲ ದಂಡೆಯೂ ಇದ್ದಲ್ಲೇ ಇರುತ್ತದೆ ಎಂದುಕೊಂಡಿದ್ದರು ಬೆಟ್ಟಮ್ಮ. ಮಳೆಗಾಲದ ಅಲೆ ಅಲ್ಲಿನ ಮರಳನ್ನೆಲ್ಲ ಬಾಚಿಕೊಂಡು ಹೋಗಿ ಕಲ್ಲಷ್ಟೇ ಉಳಿಸಿತ್ತು. ಭಾನುವಾರ ಸಹನ ಮರಳಿದಾಗ ಬಲಗೈಗೆ ಪಟ್ಟಿ. ಅವಳು ಬಯ್ಯಲಿಲ್ಲ. ಎಡಗೈಯಲ್ಲಿ ಇಡ್ಲಿ ಮುರಿಯಲು ಒದ್ದಾಡುತ್ತಾ, "ಆ ಜಾಗಕ್ಕೆ ನೀವು ಯಾವಾಗ ಹೋಗಿದ್ರಿ ಆಂಟಿ?" ಎಂದಷ್ಟೇ ಕೇಳಿದಳು.

"ಓದ್ವರ್ಸ ಓಗಿದ್ದೆ ಅಂದ್ಬುಟ್ಟೆ," ಎನ್ನುತ್ತಾರೆ ಬೆಟ್ಟಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು. "ಕೈ ಮುರ್ಕಂಡು ಬಂದಿರೋ ಮಗಿನ ಮುಂದೆ ಸುಳ್ಳು ಬೊಗಳ್ದೆ. ಅವ್ಳು ಊಂ ಅಂದು, ತಿಂದು, ಒಂಟೋದ್ಲು. ಯಾರ್ಗೂ ಗೊತ್ತಾಗ್ದಂಗೆ ನನ್ ಮರ್ಯಾದೆ ಓಯ್ತು ಕಣಪ್ಪ."

ಆ ನಾಚಿಕೆ ಇಂದಿಗೂ ಅವರನ್ನು ತಿನ್ನುತ್ತಿದೆ. ಅಂದಿನಿಂದ ಸಮುದ್ರ ನೋಡಿಲ್ಲವೆಂಬ ಮಾತು ಮೊದಲು, ಇಡ್ಲಿ ಆಮೇಲೆ. ಹದಿನೈದು ದಿನ ದಾಟಿದ ಸುದ್ದಿಯನ್ನು ಬಾಯಿಬಿಡುವುದಿಲ್ಲ. ಅಲ್ಲಿ ಕಲಿಸುವವರನ್ನು ಕೇಳದೆ ನೀರಿಗಿಳಿಯಬೇಡಿ ಎಂದು ಎರಡೆರಡು ಸಲ ಹೇಳುತ್ತಾರೆ. ಸಮುದ್ರ ಕಾಣದವಳ ಉಪದೇಶ ನೋಡು ಎಂದು ಕೆಲವರು ನಗುತ್ತಾರೆ. "ನಗ್ಲಿ ಬುಡಿ" ಎನ್ನುವ ಬೆಟ್ಟಮ್ಮ, ಪ್ರತಿ ಟೆಂಪೊ ನಿಂತಾಗಲೂ ಇಳಿಯುವ ಮುಖಗಳಲ್ಲಿ ಸಹನಳನ್ನು ಹುಡುಕುತ್ತಾರೆ. ಅವಳು ಮತ್ತೆ ಬಂದಿಲ್ಲ.

ಬಸ್ಸಿನಲ್ಲಿ ಕೂತರೆ ಸಂಜೆಯೊಳಗೆ ಕಡಲು, ಒಂದು ಸಲ ನೋಡಿಕೊಂಡು ಬರೋಣ ಬಾ ಎಂದು ಗಂಡ ದ್ಯಾವಯ್ಯ ಕರೆಯುತ್ತಲೇ ಇದ್ದಾರೆ. ಬೆಟ್ಟಮ್ಮ ಒಪ್ಪುವುದಿಲ್ಲ.

"ಮೊದ್ಲು ಆ ಮಗು ಬರ್ಲಿ. ಸುಳ್ಳೇಳ್ದೆ ಕಣವ್ವ ಅಂತ ಅವ್ಳ ಮುಂದೆ ನಿಂತು ಏಳ್ಬೇಕು. ಅಲ್ಲಿಗಂಟ ಯಾವ ಮೊಕ ಒತ್ಕಂಡು ಸಮುದ್ರ ನೋಡಕ್ಕೋಗ್ಲಿ?"