ಕೂತಲ್ಲೇ ಸುಳ್ಯ ಮುಟ್ಟಿದ ಸುಹರಾ

ಕುಂಬ್ರ ಪೇಟೆಯಿಂದ ಮಸೀದಿಯ ಬದಿಗೆ ಇಳಿಯುವ ಮಣ್ಣುದಾರಿಯಲ್ಲಿ ಆರನೆಯ ಮನೆ. ನಸುಕಿನ ಸುಬಹಿ ನಮಾಝ್ ಮುಗಿಸಿದ ಸುಹರಾ ಜಗಲಿಗೆ ಬಂದು, ಒದ್ದೆ ಗೋಣಿಯ ಸುತ್ತು ಬಿಡಿಸುತ್ತಾರೆ. ರಾತ್ರಿಯೆಲ್ಲ ನೀರು ಕುಡಿದು ಮೆತ್ತಗಾದ ಬೀಡಿ ಎಲೆಗಳ ವಾಸನೆ ಏಳುತ್ತದೆ. ಎಲೆಯ ಮೇಲೆ ತಗಡಿನ ಅಳತೆಯಿಟ್ಟು ಅದರಂಚಿಗೇ ಕತ್ತರಿ ಓಡಿಸುತ್ತಾರೆ. ಕರ್, ಕರ್, ಕರ್. ಕಣ್ಣು ಅರ್ಧ ಮುಚ್ಚಿರುತ್ತದೆ. ಬಲ್ಬಿನ ಬೆಳಕಿಗೆ ಅವರ ನೆರಳು ಗೋಡೆಯ ಮೇಲೆ ದೊಡ್ಡದಾಗಿ ಬಿದ್ದು, ನಿಧಾನ ತೂಗುತ್ತದೆ. ಕತ್ತರಿಸುತ್ತಿರುವುದು ಸುಹರಾ ಅಲ್ಲ, ಆ ನೆರಳು ಎಂದೇ ನೋಡಿದವರಿಗೆ ಅನಿಸಬೇಕು.

ಹನ್ನೊಂದನೆಯ ವಯಸ್ಸಿಗೆ ಕಾಣಿಯೂರಿನ ತವರಿನಲ್ಲಿ ಉಮ್ಮನ ಪಕ್ಕ ಕೂತು ಕಲಿತ ಕೆಲಸ. ಈಗ ಐವತ್ತಮೂರು. ಸ್ಕೂಟರಿನಲ್ಲಿ ಮೀನು ಮಾರುತ್ತಿದ್ದ ಗಂಡ ತೀರಿಕೊಂಡು ಎಂಟು ವರ್ಷವಾಯಿತು. ಮಗಳು ಮುಫೀದಾಳನ್ನು ಓದಿಸಿ ಕಡಬಕ್ಕೆ ಮದುವೆ ಮಾಡಿ ಕೊಟ್ಟದ್ದೂ ಬೀಡಿಯಲ್ಲೇ. ಇಪ್ಪತ್ತೈದಕ್ಕೆ ಒಂದು ಕಟ್ಟು, ದಿನಕ್ಕೆ ಇಪ್ಪತ್ತೆಂಟು ಕಟ್ಟು, ಎರಡು ದಿನಕ್ಕೊಮ್ಮೆ ಪೇಟೆಯ ಬೀಡಿ ಬ್ರಾಂಚಿಗೆ ಒಪ್ಪಿಸಬೇಕು. ಹೊತ್ತು ತಿಳಿಯಲು ಅವರಿಗೆ ಗಡಿಯಾರ ಎಂದೂ ಬೇಕಾದದ್ದಿಲ್ಲ. "ಕುಚ್ಚಲಕ್ಕಿ ಬೇಯುವಾಗ ನಾಲ್ಕು ಕಟ್ಟು. ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಎರಡು ಕಟ್ಟು," ಎನ್ನುತ್ತಾರೆ.

ಅಂಥವರ ಕೈಗೆ ವಾಚು ಬಂದದ್ದು ಕಳೆದ ವರ್ಷ. ಪುತ್ತೂರಿನ ಡಾಕ್ಟರಮ್ಮ ಸಕ್ಕರೆ ಕಾಯಿಲೆ ಉಂಟೆಂದು ಹೇಳಿ, ಮಾತ್ರೆ ಬರೆದು, ದಿನಾ ಐದು ಸಾವಿರ ಹೆಜ್ಜೆ ನಡೆಯಬೇಕು, ಇಲ್ಲವಾದರೆ ಮೊದಲು ಹೋಗುವುದು ಕಣ್ಣು ಎಂದು ಎಚ್ಚರಿಸಿದರು. ಮಾತ್ರೆ ನುಂಗುವುದು ಸುಲಭವಾಯಿತು. ನಡೆಯುವುದು ಹೇಗೆ? ಈ ಕಡೆ ಹೆಂಗಸು ದಾರಿಗಿಳಿದರೆ ಎದುರು ಸಿಕ್ಕವರು ಎಲ್ಲಿಗೆಂದು ಕೇಳುತ್ತಾರೆ. ಕೇಳದಿದ್ದರೆ ಅದು ಮರ್ಯಾದೆಯಲ್ಲ. ಅಂಗಡಿಗೆ, ಮದ್ದಿಗೆ, ಮದುವೆಗೆ ಎಂದು ಏನಾದರೊಂದು ಹೇಳಲಿಕ್ಕಿರಬೇಕು. ಏನೂ ಇಲ್ಲದೆ ಬರಿಗೈ ಬೀಸಿಕೊಂಡು ಹೋಗಿ ಹಾಗೆಯೇ ತಿರುಗಿ ಬಂದರೆ, ತಲೆ ಸರಿ ಇಲ್ಲ ಎಂದಾರು.

ಹೆಜ್ಜೆ ಲೆಕ್ಕ ಮಾಡುವ ಸ್ಮಾರ್ಟ್ ವಾಚ್ ಉಂಟು, ಅದನ್ನು ಕಟ್ಟಿಕೊಂಡರೆ ನಡೆಯುವ ಹುಮ್ಮಸ್ಸು ತಾನಾಗಿ ಬರುತ್ತದೆ ಎಂದವಳು ಮುಫೀದಾ. ಪೇಟೆಯಲ್ಲಿ ಶಾನವಾಝ್‌ನ ಮೊಬೈಲ್ ಅಂಗಡಿಯಿಂದ ಕಪ್ಪು ಪಟ್ಟಿಯದೊಂದು ಬಂತು. ಎಡಗೈಗೆ ಕಟ್ಟಿದರೆ ಮಡಿಲಲ್ಲಿನ ಬೀಡಿ ಮೊರದ ಅಂಚಿಗೆ ತಾಗುತ್ತದೆಂದು ಸುಹರಾ ಅದನ್ನು ಬಲಗೈಗೆ ಬಿಗಿದು ಎಂದಿನಂತೆ ಬೀಡಿಗೆ ಕೂತರು. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ಮಣಿಕಟ್ಟು ಗುರ್ರೆಂದಿತು. ನೋಡಿದರೆ ಪರದೆಯ ಮೇಲೆ ಬಣ್ಣದ ಪಟಾಕಿ, ಐದು ಸಾವಿರ ಹೆಜ್ಜೆ ಪೂರ್ತಿ.

ಅಂದು ಅವರು ನಡೆದದ್ದು ಬಾವಿಗೂ ಬಚ್ಚಲಿಗೂ ಮಾತ್ರ. ಸ್ವಲ್ಪ ಅನುಮಾನ ಬಂದದ್ದು ನಿಜ. ಆದರೆ ಅಷ್ಟು ಹಣದ ಯಂತ್ರ ಸುಳ್ಳು ಹೇಳೀತೇ? ಮೈ ಆಡಿದ್ದಕ್ಕೆಲ್ಲ ಲೆಕ್ಕ ಇರಬೇಕು ಅಂದುಕೊಂಡರು. ಪರದೆಯ ಫೋಟೋ ತೆಗೆದು ಮಗಳಿಗೆ ಕಳಿಸಿದರೆ ಕಡಬದಿಂದ ಮೂರು ಕೆಂಪು ಹೃದಯ ಬಂದವು. ಉಮ್ಮ ಸಂಜೆ ಸಂಜೆ ನಡೆಯುತ್ತಿದ್ದಾಳೆ ಎಂದೇ ಅವಳ ಎಣಿಕೆ.

ಆಮೇಲಿನ ಮೂರು ತಿಂಗಳು ಒಂದು ಬಗೆಯ ಕನಸು. ವಾಚು ಕಿಲೋಮೀಟರನ್ನೂ ತೋರಿಸುತ್ತಿತ್ತು. ಇವತ್ತು ನಾಲ್ಕು, ನಾಳೆ ನಾಲ್ಕೂವರೆ. ಸುಹರಾ ಅದನ್ನು ಮನಸ್ಸಿನಲ್ಲೇ ಕೂಡಿಸುತ್ತ ಹೆದ್ದಾರಿಯಲ್ಲಿ ಸಾಗಿದರು. ಬೆರಳು ಎಲೆ ಸುರುಳಿ ಮಾಡುತ್ತಿದ್ದಂತೆ ಕಾವು ಪೇಟೆ ದಾಟಿತು. ನೂಲು ಸುತ್ತುತ್ತಿದ್ದಂತೆ ಕನಕಮಜಲಿನ ತಿರುವು, ರಬ್ಬರಿನ ಸಾಲು, ಜಾಲ್ಸೂರಿನ ತಂಪು ಗಾಳಿ. ಏಳನೆಯ ದಿನ ಸುಳ್ಯ. ಅಲ್ಲಿ ಯಾರೂ ಅವರನ್ನು ತಡೆದು ಎಲ್ಲಿಗೆಂದು ಕೇಳಲಿಲ್ಲ. ಮರುವಾರ ಮಂಡೆಕೋಲಿನ ತಂಗಿಯ ಮನೆ. ಅಂಗಳದ ಅಬ್ಬಲಿಗೆ ಹೂವನ್ನು ಬೇಲಿಯಾಚೆಯಿಂದಲೇ ನೋಡಿ, ಕರೆಯದೆ ಮುಂದಕ್ಕೆ. ನಲವತ್ತೆರಡು ವರ್ಷ ಕಾಲು ಚಾಚಿ ಕೂತೇ ಇದ್ದ ಹೆಂಗಸು ಮೊರವನ್ನು ಮಡಿಲಲ್ಲಿಟ್ಟುಕೊಂಡೇ ಊರೂರು ತಿರುಗಿದರು. ಆ ದಿನಗಳಲ್ಲಿ ನಿದ್ದೆಯೂ ದಾರಿ ನಡೆದವರ ನಿದ್ದೆಯೇ, ಒಳ್ಳೆಯ ನಿದ್ದೆ.

ನೆರೆಮನೆಯ ಈಶ್ವರಿಗೂ ಸಕ್ಕರೆ, ಅವರಿಗೂ ಬೀಡಿ. ಸುಹರಾ ಸುಳ್ಯದ ಕಥೆ ಹೇಳಿದಾಗ, "ನನಗೆ ಬ್ರಾಂಚಿಗೆ ಹೋಗಿ ಬರುವಾಗಲೇ ಸೊಂಟ ಬೀಳ್ತದೆ. ನೀನು ಸುಳ್ಯಕ್ಕೆ ಹೋದದ್ದಾ? ಬರುವಾಗ ಎಂತ ತಂದೆ ಮಾರಾಯ್ತಿ?" ಎಂದು ಕಾಲೆಳೆದರು. ಎಳೆದವರು ತಿಂಗಳೊಳಗೆ ತಾವೂ ಒಂದು ವಾಚು ಕೊಂಡರು. ಸುಹರಾ ಜೊತೆಗೇ ಹೋಗಿ ಆರಿಸಿಕೊಟ್ಟದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ನೂಲಿನ ತುದಿ ಎರಡಾಗಿ ಕಾಣತೊಡಗಿತು. ಪುತ್ತೂರಿಗೆ ಹೋಗಿ ರಕ್ತ ಕೊಟ್ಟರು. ಎಂಟು ಚಿಲ್ಲರೆ ಇದ್ದ ಮೂರು ತಿಂಗಳ ಸರಾಸರಿ ಸಕ್ಕರೆ ಒಂಬತ್ತೂವರೆಗೆ ಏರಿತ್ತು. ನಡೆಯುತ್ತೀರಾ ಎಂದು ಡಾಕ್ಟರಮ್ಮ ಕೇಳಿದಾಗ ಸುಹರಾ ಕೈ ಮುಂದೆ ಚಾಚಿದರು.

"ದಿನಕ್ಕೆ ಆರು ಸಾವಿರಕ್ಕೆ ಕಮ್ಮಿ ಇಲ್ಲ."

"ಎಲ್ಲಿ ನಡೆಯುದು?"

"ಜಗಲಿಯಲ್ಲಿ. ಕೂತಲ್ಲೇ ಆಗ್ತದೆ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೀಡಿ ಕಟ್ಟುವುದು ಹೇಗೆ, ಒಮ್ಮೆ ತೋರಿಸಿ ಎಂದರು. ಸುಹರಾ ಕುರ್ಚಿಯಲ್ಲಿ ಕೂತೇ ಗಾಳಿಯಲ್ಲಿ ಎಲೆ ಹಿಡಿದು, ತಂಬಾಕಿನ ಹುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದರು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದಂತೆ ಹೆಜ್ಜೆ ಒಂಬತ್ತು ಏರಿತು. ಮತ್ತೊಂದು ಬೀಡಿ ಕಟ್ಟಿದರೆ ಮತ್ತೆ ಎಂಟು. ಕೈ ಅಲ್ಲಾಡಿದ್ದನ್ನೇ ವಾಚು ಕಾಲೆಂದು ತಿಳಿದಿತ್ತು. ಡಾಕ್ಟರಮ್ಮ ನಗಲಿಲ್ಲ. ಕಣ್ಣಿನ ಹಿಂದಿನ ರಕ್ತನಾಳ ಸೋರಲು ಶುರುವಾಗಿರಬಹುದು, ಇನ್ನು ಆರು ತಿಂಗಳು ಹೀಗೇ ಕಳೆದರೆ ನೂಲಲ್ಲ, ಮೊರವೇ ಕಾಣುವುದಿಲ್ಲ ಎಂದರು.

"ಹಣ ಹೋದದ್ದಕ್ಕೆ ಬೇಜಾರಿಲ್ಲ," ಎನ್ನುತ್ತಾರೆ ಸುಹರಾ. "ಸುಳ್ಯಕ್ಕೆ ಹೋಗಿಯೇ ಇಲ್ಲವಲ್ಲ, ಅದಕ್ಕೆ ಬೇಜಾರಾಯ್ತು." ಮನೆಗೆ ಬಂದವರು ಮೊದಲು ಹೋದದ್ದು ಬೇಲಿ ದಾಟಿ ಈಶ್ವರಿಯ ಜಗಲಿಗೆ. ವಾಚಿನ ಸುಳ್ಳನ್ನು ನಾಚಿಕೆಪಡುತ್ತಲೇ ಹೇಗೋ ಹೇಳಿ ಮುಗಿಸಿದರು. ಈಶ್ವರಿ ತಮ್ಮ ಮಣಿಕಟ್ಟಿನ ವಾಚನ್ನು ಬಿಚ್ಚಿಟ್ಟರು. ಬೈಯಲಿಲ್ಲ. ನಾಳೆ ಎಷ್ಟು ಗಂಟೆಗೆ ಹೊರಡುವುದೆಂದಷ್ಟೇ ಕೇಳಿದರು.

ಬಿಚ್ಚಿದ ಡಬ್ಬಿಯ ಮಾಲನ್ನು ಶಾನವಾಝ್ ಹಿಂದೆ ತೆಗೆದುಕೊಳ್ಳಲಿಲ್ಲ. ಈಗ ಬೀಡಿಗೆ ಕೂರುವಾಗ ವಾಚು ಮೊಳೆಗೆ, ನಡೆಯುವಾಗ ಕೈಗೆ. ವಾಚು ಕೊಳ್ಳಬಹುದಾ ಎಂದು ಬ್ರಾಂಚಿನಲ್ಲಿ ಕೇಳುವವರು ಈಗಲೂ ಇದ್ದಾರೆ. ಸುಹರಾ ಬೇಡವೆನ್ನುವುದಿಲ್ಲ. "ಅಂಗಡಿಯಲ್ಲೇ ಕೈಗೆ ಕಟ್ಟಿ, ಎರಡು ಬೀಡಿ ಸುತ್ತಿದ ಹಾಗೆ ಮಾಡಿ. ಅದು ನಡೆದಿರಿ ಅಂತ ಹೇಳಿದರೆ ವಾಪಸು ಇಟ್ಟು ಬನ್ನಿ. ಆ ಹಣಕ್ಕೆ ಒಳ್ಳೆ ಚಪ್ಪಲಿ ಬರ್ತದೆ."

ಎಲೆ ಕತ್ತರಿಸಿ ಆದ ಮೇಲೆ, ಮಂಜು ಇನ್ನೂ ದಾರಿಯ ಮೇಲೆ ಮಲಗಿರುವಾಗ, ಇಬ್ಬರೂ ಹೊರಡುತ್ತಾರೆ. ಪೇಟೆ ದಾಟಿ, ಹೆದ್ದಾರಿಯ ಬದಿ ಹಿಡಿದು, ತಿರುಗಿ ಮನೆಗೆ. ಮೊದಲ ತಿಂಗಳು ಇಬ್ಬರ ಕೈಯಲ್ಲೂ ಬೀಡಿಯ ಚೀಲ ಇತ್ತು. ಒಳಗೆ ಹಳೆ ಪೇಪರು ತುರುಕಿ ಉಬ್ಬಿಸಿದ ಚೀಲ. ನೋಡಿದವರು ಬ್ರಾಂಚಿಗೆ ಹೊರಟರು ಅಂದುಕೊಳ್ಳಲಿ ಎಂದು. ಬೆಳಿಗ್ಗೆ ಆರಕ್ಕೆ ಯಾವ ಬ್ರಾಂಚೂ ತೆರೆದಿರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಸಕ್ಕರೆ ಏಳೂ ಮುಕ್ಕಾಲಿಗೆ ಇಳಿದಿದೆ. ಕಣ್ಣು ಇದ್ದಷ್ಟರಲ್ಲೇ ನಿಂತಿದೆ, ಇನ್ನು ಕೆಡದ ಹಾಗೆ ನೋಡಿಕೊಳ್ಳಿ ಎಂದಿದ್ದಾರೆ ಕಣ್ಣಿನ ಡಾಕ್ಟರು. ಆ ಮಾತು ಕೇಳಿ ಬಂದ ಮರುದಿನ ಸುಹರಾ ಚೀಲವನ್ನು ಮನೆಯಲ್ಲೇ ಬಿಟ್ಟರು. ಪೇಟೆಯ ಕಟ್ಟೆಯ ಮೇಲೆ ಚಾ ಕುಡಿಯುತ್ತಿದ್ದ ಮುದುಕ ಅಚ್ಚುತ ಸುಹರಾರ ಬರಿಗೈ ನೋಡಿ, ಎಲ್ಲಿಗೆ ಹೊರಟದ್ದು ಎಂದು ಕೇಳಿದರು. ಈಶ್ವರಿ ತಲೆ ತಗ್ಗಿಸಿದರು.

"ಎಲ್ಲಿಗೂ ಇಲ್ಲ ಅಚ್ಚುತಣ್ಣ," ಎಂದರು ಸುಹರಾ. "ಸುಮ್ಮನೆ ನಡೆಯುದು."

"ಕಾಲುನೋವಿಗಾ?"

"ಅಲ್ಲ. ಕಣ್ಣಿಗೆ."

ಅಚ್ಚುತ ಸುಹರಾರ ಪಾದಗಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಇಬ್ಬರೂ ಮುಂದೆ ಹೋಗಿಯಾಗಿತ್ತು.