ಹೊಳವನಹಳ್ಳಿಯ ಮೇಲೆ ಹತ್ತು ಸಾವಿರ ಅಡಿ

ಹೊಳವನಹಳ್ಳಿಯ ಸರೋಜಮ್ಮನವರ ಮಗಳು ಲೋಹಿತಾ ಬಾಡಿಗೆ ವಿಮಾನ ಓಡಿಸುತ್ತಾಳೆ. ಆರು ಸೀಟಿನ, ಒಂದೇ ಎಂಜಿನ್ನಿನ ವಿಮಾನ. ತಂದೆ ಚನ್ನಮಲ್ಲಯ್ಯ ಲಾರಿ ಓಡಿಸುತ್ತಿದ್ದರು. ದೂರದಿಂದ ಬಂದ ಟರ್ಬೊ ಗಾಡಿಯನ್ನು ತಟ್ಟನೆ ಆಫ್ ಮಾಡಬಾರದು, ತಣಿಯಲು ಬಿಡಬೇಕು ಎಂಬುದನ್ನು ಅವಳು ಅವರ ಪಕ್ಕ ಕೂತು ಕಲಿತಿದ್ದಳು. ಈ ವಿಮಾನದ್ದೂ ಟರ್ಬೊ ಎಂಜಿನ್ನೇ.

ಎದುರು ಮನೆಯ ದಾಕ್ಷಾಯಣಮ್ಮ ಮಾತ್ರ ನಂಬುತ್ತಿರಲಿಲ್ಲ. “ಏರೋಪ್ಲೇನಲ್ಲಿ ಕಾಫಿ ಕೊಡೋ ಕೆಲ್ಸ ಇರ್ಬೇಕು ಕಣಮ್ಮ. ಅದನ್ನೇ ಓಡುಸ್ತೀನಿ ಅಂತಾಳೆ.”

ತಮ್ಮ ಮಾತು ಕೇರಿಯಲ್ಲಿ ಸುಳ್ಳೆನಿಸಿಕೊಳ್ಳುವುದು ಸರೋಜಮ್ಮನವರಿಗೆ ಸಹಿಸಲಾಗದು. ಬೇಸಿಗೆಯಲ್ಲಿ ಒಮ್ಮೆ, ಸೋಮವಾರ ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವುದಿದೆ, ಹೆಚ್ಚುಕಡಿಮೆ ಊರ ಮೇಲೆಯೇ ದಾರಿ ಎಂದು ಮಗಳು ಫೋನಿನಲ್ಲಿ ಹೇಳಿದಳು.

“ಒಂದ್ಸಲ ಕೆಳೀಕ್ ಬಂದು ಎಲ್ರಿಗೂ ಕಾಣಂಗೆ ಹೋಗ್ಬುಡೇ, ಸಾಕು.”

“ಆದ್ರೆ ನೋಡ್ತೀನಮ್ಮ.”

ಸರೋಜಮ್ಮ ಕೇರಿಗೆಲ್ಲ ಹೇಳಿಬಿಟ್ಟರು.

ಸೋಮವಾರದ ಪ್ರಯಾಣಿಕರು ವೃಷಭೇಂದ್ರಪ್ಪ ಎಂಬ ಹಿರಿಯರು. ಬೆನ್ನಿನ ಆಪರೇಷನ್ ಆಗಿ ಊರಿಗೆ ಹೊರಟವರು. ಜೊತೆಗಿದ್ದ ಮಗ ರಂಗರಾಜುವಿಗೆ ಅವಸರ. “ಮೇಲ್ ಹೋದಷ್ಟೂ ಬೇಗ ಅಂತಾರಲ್ಲ ಮೇಡಂ?”

ಅದು ನಿಜವೇ. ಮೇಲಿನ ತೆಳು ಗಾಳಿಯನ್ನು ಟರ್ಬೊ ಒತ್ತಿ ಕೊಡುವುದರಿಂದ ಎಂಜಿನ್ ಸೊರಗುವುದಿಲ್ಲ, ಓಟವೂ ಹೆಚ್ಚು. ಆದರೆ ಹತ್ತು ಸಾವಿರ ಅಡಿ ದಾಟಿ ಬಹಳ ಮೇಲೆ ಹೋದರೆ ಎಲ್ಲರೂ ಆಕ್ಸಿಜನ್ ಮಾಸ್ಕ್ ಹಾಕಿಕೊಳ್ಳಬೇಕು. ಹಿರಿಯರು ಆ ಮಾಸ್ಕ್ ಕಂಡೇ ಗಾಬರಿಯಾಗಿದ್ದರು. ಐದು ಸಾವಿರ ಅಡಿಯಲ್ಲಿ ಹೋದರೆ ಮಧುಗಿರಿ ಸೀಮೆಯ ಬಂಡೆಗಳಿಂದೇಳುವ ಬಿಸಿಗಾಳಿ ವಿಮಾನವನ್ನು ಎತ್ತಿಹಾಕುತ್ತದೆ. ಲೋಹಿತಾ ಹತ್ತು ಸಾವಿರ ಅಡಿಗೆ ಏರಿ ನಿಂತಳು. ಅಲ್ಲಿ ಗಾಳಿ ತಣ್ಣಗೆ, ನಿಶ್ಚಲವಾಗಿತ್ತು. ಎಂಜಿನ್ನಿನ ಶಕ್ತಿಯನ್ನು ನೂರಕ್ಕೆ ಅರವತ್ತೈದಕ್ಕೆ ಇಳಿಸಿದಳು, ಪ್ರೊಪೆಲ್ಲರಿನ ಸುತ್ತುಗಳನ್ನೂ ತಗ್ಗಿಸಿದಳು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅದುರಾಟ ಕಡಿಮೆ, ಸದ್ದೂ ಕಡಿಮೆ.

ಹೊಳವನಹಳ್ಳಿ ಬಂದಾಗ ಅವಳ ಕೈ ಎಂಜಿನ್ ತಗ್ಗಿಸುವ ಥ್ರಾಟಲ್ ಮೇಲೆ ಹೋಯಿತು. ಒಂದು ಸಲ ಇಳಿದು ಮತ್ತೆ ಏರಬಹುದಿತ್ತು. ಹಿಂದೆ ತಿರುಗಿ ನೋಡಿದಳು. ವೃಷಭೇಂದ್ರಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕೈ ತೆಗೆದಳು.

ಕೆಳಗೆ ಸರೋಜಮ್ಮನವರ ತಾರಸಿಯ ಮೇಲೆ ಕೇರಿಯವರು ಕತ್ತೆತ್ತಿ ನಿಂತಿದ್ದರು. ಏನೂ ಕೇಳಲಿಲ್ಲ. ಒಂದು ಹದ್ದು ಸುತ್ತುತ್ತಿತ್ತು.

“ಅಗೋ, ಲೋಹಿತಾ ಬಂದ್ಲು ನೋಡ್ರಮ್ಮ!” ಎಂದರು ದಾಕ್ಷಾಯಣಮ್ಮ. ಎಲ್ಲರೂ ನಕ್ಕರು. ಸರೋಜಮ್ಮ ಮೆಟ್ಟಿಲಿಳಿದು ಹೋದರು.

ಸಂಜೆ ಮಗಳ ಫೋನ್ ಬಂತು.

“ಬರ್ಲೇ ಇಲ್ವಲ್ಲೇ.”

“ಬಂದಿದ್ದೆ ಕಣಮ್ಮ, ಮೇಲಿದ್ದೆ. ಹಿಂದಿನ ಸೀಟಲ್ಲಿ ಆಪರೇಷನ್ ಆದವ್ರು ಮಲ್ಗಿದ್ರು.”

“ಆಮೇಕೆ ಎದ್ರಾ?”

“ಬಳ್ಳಾರಿ ಬರೋಗಂಟ ಏಳ್ಲಿಲ್ಲ.”

ಮಾರನೆಯ ಬೆಳಿಗ್ಗೆ ಸರೋಜಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದಾಗ ದಾಕ್ಷಾಯಣಮ್ಮ ಎದುರಿಗೆ ಕಸ ಗುಡಿಸುತ್ತಿದ್ದರು.

“ಯಾಕ್ ಸರೋಜಕ್ಕ, ಏರೋಪ್ಲೇನ್ ಪಂಚರ್ ಆಯ್ತಾ?”

“ಒಳಗೆ ಕಾಯ್ಲೆಯವ್ರು ಮಲ್ಗಿದ್ರಂತೆ ಕಣಮ್ಮ. ಸದ್ದು ಮಾಡ್ದಂಗೆ ಹೋದ್ಲು.”

ಅಷ್ಟು ಹೇಳಿ ಸರೋಜಮ್ಮ ರಂಗೋಲಿ ಇಡಲು ಕೂತರು. ಕೆಳಗೆ ಬಾ ಎಂದು ಮತ್ತೆಂದೂ ಮಗಳನ್ನು ಕೇಳಲಿಲ್ಲ.