ರೇಷ್ಮೆ ಮನೆಯಲ್ಲಿ ಪಿಯಾನೊ

ಕಳೆದ ತಿಂಗಳು ನಾನು ಉಸಿರಾಡಿದ್ದಕ್ಕೆ ಬೈಸಿಕೊಂಡೆ.

ತಮಾಷೆಯಲ್ಲ. "ನಿನ್ನ ಮೂಗು ಸದ್ದು ಮಾಡ್ತಿದೆ ಕಣೆ. ಇಲ್ಲಾ ಬಾಯಲ್ಲಿ ಉಸಿರಾಡು, ಇಲ್ಲಾ ಎದ್ದು ಹೊರಗೆ ಹೋಗು" ಅಂದಳು ವನಜಕ್ಕ. ಪಿಯಾನೊ ಮೇಲಿಂದ ಕೈ ಕೂಡ ತೆಗೆಯಲಿಲ್ಲ. ನಾನು ಹೊರಗೆ ಹೋಗಲಿಲ್ಲ. ಹತ್ತು ನಿಮಿಷ ಮೀನಿನ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದೆ.

ವನಜಕ್ಕ ಮಧುಗಿರಿಯಲ್ಲಿ ನಮ್ಮ ಹಿಂದಿನ ಬೀದಿಯವಳು. ಐವತ್ತು ದಾಟಿದೆ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವಳು. ಶಿರಾ, ಕೊರಟಗೆರೆ, ಪಾವಗಡದ ಕಡೆ ಅವಳು ಹತ್ತದ ಸ್ಟೇಜ್ ಇಲ್ಲ. ಈಗ ಆರ್ಕೆಸ್ಟ್ರಾ ಕರೆಸುವವರು ಯಾರಿದ್ದಾರೆ? ಪೆನ್‌ಡ್ರೈವ್ ಚುಚ್ಚಿದರೆ ಮುಗಿಯಿತು. ಬೇರೆಯವರಾಗಿದ್ದರೆ ಕೀಬೋರ್ಡನ್ನು ಅಟ್ಟಕ್ಕೆ ಏರಿಸಿ ಸೀರಿಯಲ್ ನೋಡುತ್ತಿದ್ದರು. ಇವಳು ತುಮಕೂರಿನ ಯಾವುದೋ ಹಳೇ ಬಂಗಲೆಯಿಂದ ನಿಜವಾದ ಪಿಯಾನೊ ತರಿಸಿ, "ಲೂಪ್ ಲೈಬ್ರರಿ ಮಾಡ್ತೀನಿ" ಅಂದಳು.

ಲೈಬ್ರರಿ ಅಂದಕೂಡಲೇ ನಾನು ನಮ್ಮನೆಯ ಹಳೇ ಪುಸ್ತಕಗಳನ್ನು ಕಟ್ಟಿಟ್ಟೆ. (ನಗಬೇಡಿ. ನಿಮಗೆ ಗೊತ್ತಿತ್ತಾ?)

ವಿಷಯ ಇಷ್ಟೇ. ನಾಲ್ಕು ಸಾಲಿನಷ್ಟೋ ಎಂಟು ಸಾಲಿನಷ್ಟೋ ಪಿಯಾನೊ ನುಡಿಸಿ ರೆಕಾರ್ಡ್ ಮಾಡುವುದು. ಮುಗಿದ ಕಡೆಯಿಂದ ಮತ್ತೆ ಶುರುವಾದರೆ ಹೊಲಿಗೆ ಕಾಣಬಾರದು, ಹಾಗೆ. ಅದೇ ಲೂಪ್. ಅಂಥ ನೂರಾರು ತುಣುಕುಗಳಿಗೆ ವೇಗ, ಶ್ರುತಿ ಬರೆದು ಇಂಟರ್‌ನೆಟ್‌ನಲ್ಲಿ ಇಟ್ಟರೆ, ಎಲ್ಲೋ ಕೂತ ಸಂಗೀತ ನಿರ್ದೇಶಕರು ತಗೊಂಡು ತಮ್ಮ ಹಾಡಿನ ಕೆಳಗೆ ಹಾಕಿಕೊಳ್ಳುತ್ತಾರೆ. ನುಡಿಸಿದವರ ಹೆಸರು ಹಾಡಿನಲ್ಲಿ ಇರುವುದಿಲ್ಲ.

"ಹೆಸರೇ ಇಲ್ಲದ ಮೇಲೆ ಇಷ್ಟು ಒದ್ದಾಟ ಯಾಕಕ್ಕ?" ಅಂದೆ.

"ಅನ್ನಕ್ಕೆ ಉಪ್ಪು ಹಾಕುವಾಗ ಹೆಸರು ಬರೀತೀಯಾ?" ಅಂದಳು.

ಮಧುಗಿರಿಯಲ್ಲಿ ರೆಕಾರ್ಡಿಂಗ್ ಆಗಲಿಲ್ಲ. ಬಸ್ಸಿನ ಹಾರ್ನ್, ಪಕ್ಕದ ಮನೆಯ ಮಿಕ್ಸಿ, ಬೋರ್‌ವೆಲ್ ಮೋಟಾರ್, ಎಲ್ಲವೂ ಅವಳ ಪಿಯಾನೊ ಜೊತೆ ಕಛೇರಿ ಕೊಟ್ಟವು. ಕೊನೆಗೆ ಜಾಗ ಸಿಕ್ಕಿದ್ದು ಚನ್ನರಾಯನದುರ್ಗದಲ್ಲಿ, ಅವಳ ಸ್ಕೂಲ್ ಗೆಳತಿ ಗಂಗಮ್ಮನ ರೇಷ್ಮೆ ಹುಳು ಸಾಕುವ ಮನೆಯಲ್ಲಿ. ದಪ್ಪ ಗೋಡೆ, ಸಣ್ಣ ಕಿಟಕಿ, ಕಿಟಕಿಗೆಲ್ಲ ಗೋಣಿತಾಟು. ಗೂಡು ಮಾರಿ ಮನೆ ಖಾಲಿ ಇತ್ತು. ಭಾನುವಾರ ಹೊಸ ಮರಿ ಹುಳು ಬರುವುದಿತ್ತು. ಅಷ್ಟರಲ್ಲಿ ಮುಗಿಸಬೇಕು. ಹುಳುಗಳಿಗೆ "ಎರಡು ದಿನ ತಡವಾಗಿ ಬನ್ನಿ" ಅನ್ನೋಕಾಗುತ್ತಾ?

ಕಡಲೆಕಾಯಿ ಮೂಟೆ ಹೊರುವ ಟೆಂಪೋದಲ್ಲಿ ಪಿಯಾನೊ ಹೋಯಿತು. ಗುರುವಾರ ಶಿರಾದಿಂದ ರಹಮತ್ ಸಾಬ್ ಬಂದರು. ಹಾರ್ಮೋನಿಯಂ ರಿಪೇರಿಯಲ್ಲೇ ತಲೆ ನೆರೆಸಿದವರು, ಪಿಯಾನೊ ಶ್ರುತಿ ಮಾಡುವುದನ್ನೂ ಕಲಿತವರು. ಸಂಜೆವರೆಗೂ ಒಂದೊಂದೇ ತಂತಿ ತಿರುಪಿ, "ಈಗ ಬಾರ್ಸಿ ಅಮ್ಮಾ" ಅಂತ ಹೇಳಿ ಬಸ್ ಹತ್ತಿದರು.

ಶುಕ್ರವಾರ ನಾನು ನೋಡಲು ಹೋಗಿದ್ದು. ಬೈಸಿಕೊಂಡದ್ದೂ ಅವತ್ತೇ. ಒಂದೇ ಎಂಟು ಸಾಲನ್ನು ಅವಳು ಹದಿನೇಳು ಸಲ ನುಡಿಸಿದಳು. ನನಗೆ ಹದಿನೇಳೂ ಒಂದೇ ಥರ ಕೇಳಿಸಿತು. ಅವಳು ಹದಿನಾರನ್ನು ಬೇಡ ಅಂದಳು. ಒಂದರಲ್ಲಿ ಕಿರುಬೆರಳು ಅವಸರ ಮಾಡಿದೆ, ಇನ್ನೊಂದರಲ್ಲಿ ಪೆಡಲ್ ಕಿರ್ ಅಂದಿದೆ. ಸಂಜೆ ಹೊತ್ತಿಗೆ ಮೂವತ್ತೊಂದು ಲೂಪ್ ಆದವು. ಅವಳ ಭುಜ ಇಳಿದುಹೋಗಿತ್ತು, ಮುಖ ಮಾತ್ರ ಹಬ್ಬದ ಮನೆಯ ಹಾಗಿತ್ತು.

ಶ್ರುತಿ ನಿಂತಿದೆಯಾ ನೋಡಲು ಶನಿವಾರ ಬೆಳಿಗ್ಗೆ ರಹಮತ್ ಸಾಬ್ ಮತ್ತೆ ಬಂದರು. ನಾನೂ ಹೋಗಿದ್ದೆ. ಅವರು ಪಿಯಾನೊದ ಮಧ್ಯದ ಎರಡು ಕೀ ಒತ್ತಿ, ಕಿವಿ ವಾಲಿಸಿದರು. ಮತ್ತೆ ಒತ್ತಿದರು.

"ಅರೆ ಅಮ್ಮಾ, ಶ್ರುತಿ ಏರ್ಬಿಟ್ಟೈತೆ. ಇಲ್ಲಿಂದ ಇಲ್ಲೀಗಂಟ ಎಲ್ಲಾ ಏರೈತೆ."

ಆಮೇಲೆ ಕಿಟಕಿ ಹತ್ತಿರ ಹೋಗಿ ಗೋಣಿತಾಟು ಮುಟ್ಟಿ ನೋಡಿದರು. ಒದ್ದೆ. ತೇವದ ಹವೆ ಕುಡಿದು ಪಿಯಾನೊ ಮರ ಉಬ್ಬಿ, ತಂತಿ ಬಿಗಿದಿತ್ತು.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಗಂಗಮ್ಮನ ಮುಖ ಇಷ್ಟೇ ಇಷ್ಟಾಯಿತು. "ನಾನೇ ಕಣಮ್ಮ ನೀರು ಚಿಮುಕ್ಸಿದ್ದು. ಸೆಕೇಲಿ ಬೇಯ್ತಾಳಲ್ಲ ನಮ್ ವನಜಾ ಅಂತ, ನಿನ್ನೆ ಬೆಳಿಗ್ಗೇನೆ ಚಿಮುಕ್ಸ್‌ಬುಟ್ಟೆ. ಹುಳಕ್ಕೆ ಅಂಗೇ ಮಾಡೋದು."

ಉಸಿರಾಡಿದ್ದಕ್ಕೆ ನನಗೆ ಬೈದವಳು ಈಗ ಏನು ಮಾಡುತ್ತಾಳೋ ಅಂತ ನಾನು ಅವಳ ಮುಖವನ್ನೇ ನೋಡಿದೆ. ವನಜಕ್ಕ ಎದ್ದು ಹೋಗಿ ಗಂಗಮ್ಮನ ಕೈಯಿಂದ ಲೋಟ ತಗೊಂಡಳು. "ನಿನ್ನೆ ಎಷ್ಟು ತಂಪಾಗಿತ್ತು ಗೊತ್ತಾ ಗಂಗಾ? ಅದಕ್ಕೇ ಅಷ್ಟು ಹೊತ್ತು ಕೂರೋಕಾಯ್ತು" ಅಂದಳು. ಒಂದು ಗುಟುಕು ಕುಡಿದಳು. ಕಂಪ್ಯೂಟರ್ ಮುಂದೆ ಕೂತಳು. ಶುಕ್ರವಾರದ ಮೂವತ್ತೊಂದನ್ನೂ ಅಳಿಸಿದಳು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ! ಕೂದಲೆಳೆಯಷ್ಟು ವ್ಯತ್ಯಾಸ. ಯಾರಿಗೆ ಗೊತ್ತಾಗುತ್ತೆ? ಕಂಪ್ಯೂಟರ್‌ನಲ್ಲೇ ಸರಿ ಮಾಡೋಕೆ ಬರಲ್ವಾ?"

"ಬರುತ್ತೆ. ಪ್ಲಾಸ್ಟಿಕ್ ಮಲ್ಲಿಗೆ ಥರ ಆಗುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿನಗೆ ಸುಧಾ ವಿಷಯ ಹೇಳಿಲ್ಲ ಅಲ್ವಾ?"

ಸುಧಾ ಅವರ ಆರ್ಕೆಸ್ಟ್ರಾದ ಗಾಯಕಿ. ಪಾವಗಡದ ಒಂದು ರಿಸೆಪ್ಷನ್‌ನಲ್ಲಿ ಅವಳು ಹಾಡುತ್ತಿದ್ದಳು. ಏನೋ ಸೇರುತ್ತಿಲ್ಲ. ಅವಳು ಸರಿ ಮಾಡಿಕೊಳ್ಳಲು ಹೋದಷ್ಟೂ ಕೆಡುತ್ತಿದೆ. ಮುಂದಿನ ಸಾಲಿನಲ್ಲಿ ಯಾರೋ ತೆಲುಗಿನಲ್ಲಿ ಜೋರಾಗಿ, "ಈ ಅಮ್ಮಾಯಿಕಿ ಶ್ರುತಿ ಲೇದು" ಅಂದರು, ಇವಳಿಗೆ ಶ್ರುತಿಯೇ ಇಲ್ಲ ಅಂತ. ಜನ ನಕ್ಕರು. ಮಾರನೇ ದಿನ ಮನೆಯಲ್ಲಿ ನೋಡಿದರೆ ವನಜಕ್ಕನ ಕೀಬೋರ್ಡಿನ ಟ್ಯೂನಿಂಗ್ ಚೂರು ಸರಿದಿತ್ತು. ಸರಿಯಾಗಿ ಹಾಡಿದ್ದು ಸುಧಾ. ತಪ್ಪಿದ್ದು ಇವಳು.

"ಓಡಿಹೋಗಿ ಹೇಳಿದೆ ಕಣೆ. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೊಂಡ್ಳು. ಆಮೇಲೆ ಅವಳು ಸ್ಟೇಜ್ ಹತ್ತಲೇ ಇಲ್ಲ. ಪಿಯಾನೊ ತಪ್ಪಿದ್ರೆ ಯಾರೂ ಪಿಯಾನೊಗೆ ಬೈಯಲ್ಲ. ಹಾಡೋರಿಗೆ ಬೈತಾರೆ."



ಆದರೆ ದಿನವೆಲ್ಲಿದೆ? ಶ್ರುತಿ ಮಾಡಲು ಶನಿವಾರ ಪೂರ್ತಿ ಬೇಕು. ಭಾನುವಾರ ಹುಳು ಬರುತ್ತವೆ. "ಇಲ್ಲಿಗೇ ಬಿಡೋಣ, ಗುರುವಾರ ಅಂದ್ಕೊಂಡಿದ್ದರಲ್ಲಿ ಒಂದೂ ಆಗಲ್ಲ" ಅಂತ ವನಜಕ್ಕ ಮೈಕ್ ವೈರು ಸುತ್ತತೊಡಗಿದಳು. ಆ ಸದ್ದಿಗೆ ಗಂಗಮ್ಮ ಒಳಗೆ ಬಂದಳು.

"ಯಾಕ್ ಸುತ್ತುತೀಯಾ? ಮರಿ ಹುಳ ಎಷ್ಟ್ ಜಾಗ ತಿಂತವೆ? ಎಲ್ಡ್ ಮೂರ್ ತಟ್ಟೆ. ನಾನ್ ಮಲಗೋ ರೂಮ್ನಾಗೆ ಇಟ್ಕಂಡ್‌ಬುಡ್ತೀನಿ. ಮಂಗಳವಾರದ ಗಂಟ ಬಾರ್ಸು."

"ನೀನೆಲ್ಲಿ ಮಲಗ್ತೀಯಾ?"

"ಜಗುಲಿ ಐತಲ್ಲ."

ಹಾಗೇ ಆಯಿತು. ಗೋಣಿತಾಟನ್ನು ಬಿಸಿಲಿಗೆ ಹರಡಿದರು. ರಹಮತ್ ಸಾಬ್ ಶರ್ಟಿನ ತೋಳು ಮಡಿಸಿ ಮತ್ತೆ ಮೊದಲ ತಂತಿಯಿಂದ ಶುರು ಮಾಡಿದರು, ಒಂದು ಸಲವೂ ಗೊಣಗಲಿಲ್ಲ. ಭಾನುವಾರ, ಸೋಮವಾರ ವನಜಕ್ಕ ನುಡಿಸಿದಳು. ಗಂಗಮ್ಮ ಅಂಗಳದಲ್ಲಿ ಕೂತು ಕೋಳಿಗಳನ್ನು, ಸ್ಕೂಟರಿನವರನ್ನು, ಮಾತಾಡಲು ಬಂದ ನಂಟರನ್ನು ಬೆರಳು ತೋರಿಸಿಯೇ ದೂರ ಕಳಿಸಿದಳು. ಮಂಗಳವಾರ ಮಧ್ಯಾಹ್ನ ಕೊನೆಯ ಲೂಪ್ ಮುಗಿಯಿತು. ಪಿಯಾನೊ ಹೊರಗೆ, ಹುಳು ಒಳಗೆ.

ಮುಗಿಸಿದ ಮೇಲೆ ಒಂದನ್ನು ನನಗೆ ಕೇಳಿಸಿದಳು. ಎಂಟು ಸಾಲು ಸುತ್ತಿ ಸುತ್ತಿ ಬರುತ್ತಿತ್ತು. ಎಲ್ಲಿ ಮುಗಿದು ಎಲ್ಲಿ ಶುರುವಾಯಿತೋ ನನಗೆ ಹಿಡಿಯಲಾಗಲಿಲ್ಲ. ಅದರ ಮೇಲೆ ಯಾರಾದರೂ ಧೈರ್ಯವಾಗಿ ಬಾಯಿ ತೆರೆಯಬಹುದು ಅನ್ನಿಸಿತು. ನನ್ನಂಥ ಕತ್ತೆಗಂಟಲಿನವಳೂ.

ಲೈಬ್ರರಿ ಈಗ ಇಂಟರ್‌ನೆಟ್‌ನಲ್ಲಿದೆ. ಮೊನ್ನೆ ಹೈದರಾಬಾದಿನ ಸಂಗೀತ ನಿರ್ದೇಶಕರೊಬ್ಬರು ಅವಳಿಗೆ ಮೇಲ್ ಬರೆದಿದ್ದರು. ಇಷ್ಟು ಶುದ್ಧವಾದ ಶ್ರುತಿ, ಆದರೂ ಇಷ್ಟು ಜೀವ. ಇದಕ್ಕೆ ಯಾವ ಸಾಫ್ಟ್‌ವೇರ್ ಬಳಸುತ್ತೀರಿ, ದಯವಿಟ್ಟು ಲಿಂಕ್ ಕಳಿಸಿ ಅಂತ.

ವನಜಕ್ಕ ಒಂದೇ ಸಾಲಿನ ಉತ್ತರ ಕಳಿಸಿದಳು: "ರಹಮತ್ ಸಾಬ್, ಶಿರಾ."

ಕಿವಿಗೆ ಲಿಂಕ್ ಎಲ್ಲಿಂದ ತರೋದು ಹೇಳಿ?